ಮೊಣಕಾಲಿನ ಕೀಲುಸವೆತ: ಒಂದು ಪ್ರಯೋಗದ ವಿಮರ್ಶೆ

2017ರಲ್ಲಿ ಬಾಸ್ಟನ್ನಿನ ಮ್ಯಾಕ್‌ಅಲಿಂಡನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದನ್ನು ನಾವಿಲ್ಲಿ ಪರಿಶೀಲಿಸಿದ್ದೇವೆ. ಅಲ್ಟ್ರಾಸೌಂಡಿನಲ್ಲಿ ಕೀಲುಪೊರೆಯ ಉರಿಯೂತ ಕಂಡುಬಂದ 140 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಸ್ಟೀರಾಯ್ಡನ್ನೂ ಉಳಿದವರಿಗೆ ಲವಣಜಲವನ್ನೂ 12 ವಾರಗಳಿಗೊಮ್ಮೆ ಎರಡು ವರ್ಷ ಚುಚ್ಚಲಾಯಿತು. ಮೊದಲಿನವರ ಮೃದ್ವಸ್ಥಿ 0.21 ಮಿಲಿಮೀಟರಿನಷ್ಟು, ಇತರರದು 0.10ರಷ್ಟು ಸವೆಯಿತು, ನೋವಿನಲ್ಲಿ ಗಣನೀಯ ಅಂತರ ಕಾಣಲಿಲ್ಲ. ಆದರೆ ನೋವನ್ನು ಅಳೆದುದು 12 ವಾರಗಳಿಗೊಮ್ಮೆ, ಎಂದರೆ ಮದ್ದಿನ ಅಲ್ಪಕಾಲದ ಶಮನ ಕಳೆದುಹೋಗಿರಬಹುದಾದ ಹೊತ್ತಿಗೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ಶಿವಮೊಗ್ಗದ ಆಸ್ಪತ್ರೆಗೆ ಬರುವವನು ಬೇಡುವುದಾದರೋ ಕೆಲವು ವಾರಗಳ ನೆಮ್ಮದಿಯನ್ನೇ. ಈ ಪ್ರಯೋಗವು ಅದನ್ನು ಅಲ್ಲಗಳೆಯುವುದಿಲ್ಲ. ವರ್ಷಗಟ್ಟಲೆ ಚುಚ್ಚಿಸಿಕೊಳ್ಳುವ ರೂಢಿಯ ವಿಷಯದಲ್ಲಿ ಮಾತ್ರ ಎಚ್ಚರಿಸುತ್ತದೆ. ಈ ಭೇದವನ್ನು ರೋಗಿಗೆ ತಿಳಿಯಹೇಳುವುದು ವೈದ್ಯನ ಹೊಣೆಯೆಂದು ನಮ್ಮ ಅಭಿಪ್ರಾಯ.