ಪ್ರತಿ ಮಧ್ಯಮಕ್ಕೆ ಅಂಟಿದ ಅಪವಾದ

2025ರ ಜುಲೈ 22ರಂದು ಗಾಯಕ ಓಝಿ ಓಸ್ಬೋರ್ನ್ ತೀರಿಕೊಂಡ ಮೇಲೆ ಅವನ ಬ್ಯಾಂಡ್ ಬ್ಲ್ಯಾಕ್ ಸ್ಯಾಬತ್‌ನ ಹಾಡುಗಳನ್ನು ಮೊದಲ ಸಲ ಕೇಳಿದವರಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಮೆಟಾಲಿಕಾ ಕೇಳಿಕೊಂಡು ಬೆಳೆದ ಹುಡುಗ. ಆ ವಾರದ ಶ್ರದ್ಧಾಂಜಲಿ ಬರಹಗಳನ್ನೆಲ್ಲ ಓದಿ, ಬ್ಯಾಂಡಿನ ಹೆಸರನ್ನೇ ಹೊತ್ತ ಮೊದಲ ಹಾಡನ್ನು ಹಾಕಿಕೊಂಡು ಕೂತ. ಮುಗಿದ ಮೇಲೆ ಅವನು ಹೇಳಿದ್ದು ಇಷ್ಟೇ: ‘ಆ ಸೈತಾನನ ಸ್ವರ ಸಿಕ್ತು ಮಾಮ. ಆದ್ರೆ ತುಂಬಾ ಸ್ಲೋ.’

ನನಗೆ ಸಿಟ್ಟು ಬಂತು, ಹುಡುಗನ ಮೇಲಲ್ಲ. ಹಾಡು ಕೇಳುವ ಮೊದಲೇ ಅದರಲ್ಲಿ ಏನನ್ನು ಹುಡುಕಬೇಕು ಎಂದು ಅವನಿಗೆ ಹೇಳಿಕೊಟ್ಟಿದ್ದರು. ಹೇಳಿದ್ದು ಸಿಕ್ಕಿತು, ಉಳಿದದ್ದು ಅವನಿಗೆ ಬೇಡವಾಯಿತು. ಆ ಉಳಿದದ್ದೇ ಹಾಡು. ಹೆವಿ ಮೆಟಲ್ ಎಂಬ ಸಂಗೀತ ಹುಟ್ಟಿದ್ದು ಇಲ್ಲೇ ಎಂದು ಬಹುಮಂದಿ ಒಪ್ಪುವ ಈ ಆರು ನಿಮಿಷ ಚಿಲ್ಲರೆ ಅವಧಿಯ ಹಾಡಿಗೆ, ಅದನ್ನು ಹೊಗಳುವವರಿಂದಲೇ ಐವತ್ತು ವರ್ಷಗಳಿಂದ ಅನ್ಯಾಯವಾಗುತ್ತ ಬಂದಿದೆ.

ಅವರು ಹೇಳುವ ಕಥೆ ಹೀಗೆ. ಗಿಟಾರ್ ವಾದಕ ಟೋನಿ ಐಯೋಮಿ ನುಡಿಸುವ ರಿಫ್‌ನಲ್ಲಿ ಮೂರು ಸ್ವರಗಳಿವೆ. ಮೂರನೆಯದಕ್ಕೂ ಮೊದಲನೆಯದಕ್ಕೂ ಇರುವ ಅಂತರಕ್ಕೆ ಪಶ್ಚಿಮದವರು ಟ್ರೈಟೋನ್ ಎನ್ನುತ್ತಾರೆ. ಮಧ್ಯಯುಗದ ಚರ್ಚು ಇದನ್ನು ಸೈತಾನನ ಸ್ವರವೆಂದು ನಿಷೇಧಿಸಿತ್ತು, ಅದನ್ನು ಈ ನಾಲ್ವರು ಬರ್ಮಿಂಗ್‌ಹ್ಯಾಮ್ ಹುಡುಗರು ಮತ್ತೆ ಎಬ್ಬಿಸಿದರು, ಆದ್ದರಿಂದ ಈ ಹಾಡು ಕೇಳಿದರೆ ಭಯವಾಗುತ್ತದೆ. ಸಾಕ್ಷ್ಯಚಿತ್ರಗಳಿಂದ ಹಿಡಿದು ಪಾಠದ ವಿಡಿಯೋಗಳವರೆಗೆ ಇದೇ ಮಾತು. ಮೊದಲಿಗೆ, ಅಂಥ ನಿಷೇಧಕ್ಕೆ ದಾಖಲೆಯಿಲ್ಲ. ಹಾಡುವುದಕ್ಕೆ ಕಷ್ಟ, ಕೂಡಿಸುವುದಕ್ಕೆ ತೊಡಕು ಎಂದು ಶಾಸ್ತ್ರಕಾರರು ಈ ಅಂತರವನ್ನು ದೂರವಿಡಲು ಹೇಳಿದ್ದು ನಿಜ. ಸಂಗೀತದೊಳಗಿನ ಸೈತಾನ ಎಂಬ ಅರ್ಥದ ಲ್ಯಾಟಿನ್ ಮಾತು ಚಲಾವಣೆಗೆ ಬಂದದ್ದು ಹದಿನೆಂಟನೇ ಶತಮಾನದ ಆರಂಭದ ಜರ್ಮನ್, ಆಸ್ಟ್ರಿಯನ್ ಲೇಖಕರಿಂದ. ಅದು ಮೇಷ್ಟ್ರು ವಿದ್ಯಾರ್ಥಿಗೆ ಕೊಡುವ ಎಚ್ಚರಿಕೆಯ ಮಾತು. ಅದಕ್ಕಾಗಿ ಯಾರನ್ನೂ ಚಿತೆಗೆ ಹಾಕಿರಲಿಲ್ಲ.

ಆದರೆ ಇತಿಹಾಸ ತಪ್ಪಾಯಿತೆಂಬುದು ನನ್ನ ದೊಡ್ಡ ದೂರಲ್ಲ. ಕಿವಿ ತಪ್ಪಾಯಿತೆಂಬುದು ದೂರು. ಇದನ್ನು ಹೇಳಲು ಕರ್ನಾಟಕ ಸಂಗೀತದ ಪರಿಚಯವಿರುವ ಕನ್ನಡಿಗನಿಗೆ ಒಂದು ವಿಶೇಷ ಅನುಕೂಲವಿದೆ. ಹಾಡಿನ ಮೊದಲ ಸ್ವರ ಜಿ. ಅದನ್ನು ಷಡ್ಜ ಎಂದು ಹಿಡಿದರೆ ಎರಡನೆಯದು ತಾರ ಷಡ್ಜ, ಮೂರನೆಯದು ಸಿ ಶಾರ್ಪ್, ಅಂದರೆ ಪ್ರತಿ ಮಧ್ಯಮ. ಕಲ್ಯಾಣಿಯ ಮಧ್ಯಮ. ನಮ್ಮ 72 ಮೇಳಗಳಲ್ಲಿ 36ಕ್ಕೆ ಇದೇ ಮಧ್ಯಮ. ನಾನು ಈ ಹಾಡನ್ನು ಮೊದಲು ಕೇಳಿದ್ದು ಕಾಲೇಜಿನ ದಿನಗಳಲ್ಲಿ, ಗೆಳೆಯನೊಬ್ಬ ತುಂಬಿಸಿಕೊಟ್ಟ ಕ್ಯಾಸೆಟ್ಟಿನಲ್ಲಿ. ಪಕ್ಕದ ಕೋಣೆಯಲ್ಲಿ ಅಕ್ಕ ಕಲ್ಯಾಣಿಯ ‘ವನಜಾಕ್ಷಿ’ ವರ್ಣವನ್ನು ವೀಣೆಯ ಮೇಲೆ ತಿದ್ದಿಕೊಳ್ಳುತ್ತಿದ್ದಳು. ಗೋಡೆಯ ಆಚೆಗೂ ಈಚೆಗೂ ಒಂದೇ ಮಧ್ಯಮ. ಅತ್ತ ಮನೆ ತುಂಬುವ ಮಂಗಳ, ಇತ್ತ ನನ್ನ ಬೆನ್ನಹುರಿಯಲ್ಲಿ ಚಳಿ. ಗಮಕದ ಮಧ್ಯಮ ಬೇರೆ, ಗಿಟಾರಿನ ಸಮವಿಭಾಗದ ಮಧ್ಯಮ ಬೇರೆ ಎಂದು ಶಾಸ್ತ್ರಜ್ಞರು ಹೇಳಬಹುದು. ಒಪ್ಪುತ್ತೇನೆ. ಆ ಕೂದಲೆಳೆಯ ವ್ಯತ್ಯಾಸ ಮಂಗಳವನ್ನು ಭಯವಾಗಿ ಮಾಡುವಷ್ಟು ದೊಡ್ಡದಲ್ಲ.

ಪಶ್ಚಿಮದೊಳಗೇ ಸಾಕ್ಷಿ ಬೇಕೆಂದರೆ 1957ರ ‘ವೆಸ್ಟ್ ಸೈಡ್ ಸ್ಟೋರಿ’ಗೆ ಲಿಯೊನಾರ್ಡ್ ಬರ್ನ್‌ಸ್ಟೈನ್ ಮಾಡಿದ ‘ಮರಿಯಾ’ ಕೇಳಿ. ಪ್ರೀತಿಯಲ್ಲಿ ಬಿದ್ದ ಹುಡುಗ ಹುಡುಗಿಯ ಹೆಸರು ಕರೆಯುವಾಗ ಬರುವ ಸ್ವರಗಳು ಸ, ಪ್ರತಿ ಮಧ್ಯಮ, ಪ. ಜಿಮಿ ಹೆಂಡ್ರಿಕ್ಸ್‌ನ 1967ರ ‘ಪರ್ಪಲ್ ಹೇಜ್’ ಶುರುವಾಗುವುದೂ ಇದೇ ಅಂತರದಿಂದ, ಸ್ಯಾಬತ್‌ಗಿಂತ ಮೂರು ವರ್ಷ ಮೊದಲು. ಹಾಲ್ಸ್ಟ್‌ನ ‘ದಿ ಪ್ಲಾನೆಟ್ಸ್’ನಲ್ಲಿ ಬರುವ ಮಂಗಳಗ್ರಹದ ಭಾಗದಲ್ಲೂ ಇದಿದೆ. ಗೀಜರ್ ಬಟ್ಲರ್ ಅದನ್ನು ಬೇಸ್ ಮೇಲೆ ನುಡಿಸುತ್ತಿದ್ದುದರಿಂದಲೇ ಐಯೋಮಿಗೆ ಈ ರಿಫ್ ಹೊಳೆಯಿತೆಂದು ಬ್ಯಾಂಡಿನವರೇ ಹೇಳಿಕೊಂಡಿದ್ದಾರೆ. ಒಂದೇ ಅಂತರ ಒಂದು ಕಡೆ ಪ್ರೀತಿ, ಇನ್ನೊಂದು ಕಡೆ ಅಮಲು, ಮತ್ತೊಂದು ಕಡೆ ಯುದ್ಧ ಆಗಬಲ್ಲುದಾದರೆ ಭಯಕ್ಕೆ ಕಾರಣವನ್ನು ಬೇರೆ ಎಲ್ಲೋ ಹುಡುಕಬೇಕು.

ಹುಡುಕೋಣ. ದಪ್ಪ ತಂತಿಯ ಮೂರನೇ ಮೆಟ್ಟಿಲಲ್ಲಿ ಷಡ್ಜ. ಅಲ್ಲಿಂದ ಒಂದೇ ನೆಗೆತಕ್ಕೆ ತಾರ ಷಡ್ಜ. ಇಷ್ಟಕ್ಕೆ ಸ್ಥಾಯಿ ತೆರೆದುಕೊಂಡಿತು, ಕಿವಿಗೆ ನೆಲವೂ ಸೂರೂ ಗೊತ್ತಾಯಿತು. ಆಮೇಲೆ ಮೂರನೆಯ ಸ್ವರ ಸೂರಿನಿಂದ ಕೆಳಗೆ ಬೀಳುತ್ತದೆ, ಆದರೆ ನೆಲ ಮುಟ್ಟುವುದಿಲ್ಲ. ಹನ್ನೆರಡು ಸ್ವರಸ್ಥಾನಗಳ ಸರಿಮಧ್ಯದಲ್ಲಿ, ಮೇಲಕ್ಕೂ ಆರು ಕೆಳಕ್ಕೂ ಆರು ಇರುವ ಜಾಗದಲ್ಲಿ ನಿಂತುಬಿಡುತ್ತದೆ. ಹಾಡಿನ ಸಾಲುಗಳ ಹಿಂದೆ ಗಿಟಾರು ತಗ್ಗಿದಾಗ ಗಮನವಿಟ್ಟು ಕೇಳಿ: ಆ ಮಧ್ಯಮ ಪಂಚಮವನ್ನು ಮುಟ್ಟಿ ಮುಟ್ಟಿ ಹಿಂದಕ್ಕೆ ಬರುತ್ತ ನಡುಗುತ್ತಿದೆ. ‘ಮರಿಯಾ’ದಲ್ಲಿ ಪಂಚಮದ ಮೇಲೆ ಹೋಗಿ ಕೂತು ನೆಮ್ಮದಿಯಾದ ಸ್ವರವೇ ಇಲ್ಲಿ ಪಂಚಮದ ಹೊಸಿಲು ತುಳಿದು ಒಳಗೆ ಹೋಗಲಾರದೆ ನಿಂತಿದೆ. ನಮ್ಮಲ್ಲಾದರೆ ಹಿಂದೆ ತಂಬೂರಿ ಇರುತ್ತದೆ. ಪ್ರತಿ ಮಧ್ಯಮ ಎಷ್ಟೇ ಕಾಡಿದರೂ ಪಂಚಮ ಪಕ್ಕದಲ್ಲೇ ಮೊಳಗುತ್ತಿರುತ್ತದೆ, ಕೈ ಹಿಡಿಯುತ್ತದೆ. ಇಲ್ಲಿ ತಂಬೂರಿ ಇಲ್ಲ. ಸ್ವರ ಕ್ಷೀಣಿಸಿದರೆ ಆಮೇಲೆ ಖಾಲಿ.

ಆ ಖಾಲಿಯಲ್ಲೇ ಹಾಡಿದೆ. ಅದನ್ನು ಕಟ್ಟಿದವನು ಡ್ರಮ್ಮರ್ ಬಿಲ್ ವಾರ್ಡ್. ಇಷ್ಟು ವಿಳಂಬದ ಹಾಡಿಗೆ ಇನ್ನೊಬ್ಬನಾಗಿದ್ದರೆ ನೇರವಾದ ಹೊಡೆತ ಹಾಕಿ ಲೆಕ್ಕ ಹಿಡಿದುಕೊಂಡಿರುತ್ತಿದ್ದ. ವಾರ್ಡ್ ಎಳವೆಯಿಂದ ಜೀನ್ ಕ್ರೂಪಾನಂಥ ಜಾಜ್ ಡ್ರಮ್ಮರುಗಳನ್ನು ಕೇಳಿ ಬೆಳೆದವನು. ಲೆಕ್ಕ ಅವನ ಮೈಯಲ್ಲಿತ್ತು, ಅದನ್ನು ತೋರಿಸುವ ಅಗತ್ಯ ಅವನಿಗಿರಲಿಲ್ಲ. ಐಯೋಮಿ ಮೂರನೆಯ ಸ್ವರದಲ್ಲಿ ನಿಂತ ಮೇಲೆ ಉಳಿಯುವ ಜಾಗದೊಳಗೆ ಅವನ ಟಾಮ್‌ಗಳು ಉರುಳುತ್ತವೆ, ಒಂದು ಸುತ್ತಿನಲ್ಲಿ ಅವಸರದಿಂದ, ಮುಂದಿನದರಲ್ಲಿ ಇನ್ನೇನು ತಡವಾಯಿತು ಎನ್ನುವ ಹಾಗೆ. ಪ್ರತಿ ಸಲವೂ ಬೇರೆ. ತಾಳ ತಪ್ಪಿಲ್ಲ, ಆದರೆ ಮುಂದಿನ ಷಡ್ಜ ಯಾವಾಗ ಬೀಳುತ್ತದೆಂದು ಕೇಳುಗನಿಗೆ ಧೈರ್ಯವಾಗಿ ಹೇಳಲಾಗುವುದಿಲ್ಲ. ಕತ್ತಲೆಯ ಮನೆಯಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆಯೋ ಮುಗಿಯಿತೋ ಎಂದು ಕಾಲು ಅನುಮಾನಿಸುತ್ತದಲ್ಲ, ಆ ಅನುಮಾನವನ್ನು ಅವನು ನಾಲ್ಕೂವರೆ ನಿಮಿಷದವರೆಗೆ ಎಳೆಯುತ್ತಾನೆ. ಆಮೇಲೆ ಹಾಡು ಓಟ ಕೀಳುತ್ತದೆ. ಆ ಓಟದಲ್ಲಿ ಸಿಗುವ ಬಿಡುಗಡೆಗೆ ಬೆಲೆ ಬಂದದ್ದು ಅದಕ್ಕೆ ಮುಂಚಿನ ಕಾಯುವಿಕೆಯಿಂದ. ನನ್ನ ಅಕ್ಕನ ಮಗ ‘ಸ್ಲೋ’ ಎಂದು ತಳ್ಳಿದ್ದು ಇದನ್ನೇ.

ಇದು ನನ್ನ ಊಹೆಯಲ್ಲ ಎಂದು ತೋರಿಸುವುದಕ್ಕೆ ಒಂದು ಪರೀಕ್ಷೆ ಇದೆ. 2012ರ ಕರಾರಿನ ತಕರಾರಿನಿಂದ ವಾರ್ಡ್ ಹೊರಗುಳಿದ. 2017ರ ಫೆಬ್ರವರಿ 4ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಮುಗಿದ ವಿದಾಯ ಪ್ರವಾಸದಲ್ಲಿ ಡ್ರಮ್ಸ್ ಮುಂದೆ ಕೂತವನು ಟಾಮಿ ಕ್ಲುಫೆಟೋಸ್. ಅಂದಿನ ಕಛೇರಿ ಶುರುವಾಗುವುದು ಇದೇ ಹಾಡಿನಿಂದ, ಧ್ವನಿಮುದ್ರಣ ಸಿಗುತ್ತದೆ. ಅದೇ ಐಯೋಮಿ, ಅದೇ ಬಟ್ಲರ್, ಅದೇ ಓಝಿ, ಅದೇ ಪ್ರತಿ ಮಧ್ಯಮ. ಕ್ಲುಫೆಟೋಸ್ ಬಲಶಾಲಿ ವಾದಕ, ಒಂದೂ ಹೊಡೆತ ತಪ್ಪುವುದಿಲ್ಲ. ಹಾಡು ಭವ್ಯವಾಗಿದೆ, ಭಯವಿಲ್ಲ. ಸ್ವರದಲ್ಲೇ ಸೈತಾನನಿದ್ದಿದ್ದರೆ ಆ ರಾತ್ರಿಯೂ ಬರಬೇಕಿತ್ತು. 1997ರ ಡಿಸೆಂಬರಿನಲ್ಲಿ ವಾರ್ಡ್ ಜೊತೆ ಅದೇ ಊರಿನಲ್ಲಿ ನುಡಿಸಿ ಮರುವರ್ಷ ‘ರೀಯೂನಿಯನ್’ ಹೆಸರಿನಲ್ಲಿ ತಂದ ಧ್ವನಿಮುದ್ರಣವನ್ನು ಪಕ್ಕದಲ್ಲಿಟ್ಟು ಕೇಳಿ. ವಯಸ್ಸಾದ ಕೈ, ಆದರೂ ಆ ಅನುಮಾನ ವಾಪಸು ಬಂದಿದೆ. 2025ರ ಜುಲೈ 5ರಂದು ವಿಲ್ಲಾ ಪಾರ್ಕ್‌ನಲ್ಲಿ ನಾಲ್ವರೂ ಕೊನೆಯ ಸಲ ಒಟ್ಟಿಗೆ ನಿಂತಾಗ ನುಡಿಸಿದ ನಾಲ್ಕು ಹಾಡುಗಳಲ್ಲಿ ಇದಿರಲಿಲ್ಲ. ನನಗೆ ಅದು ಇವತ್ತಿಗೂ ಕೊರಗು.

ಇನ್ನೆರಡು ವಿವರಣೆಗಳೂ ಇಷ್ಟೇ ಹಟದಿಂದ ಬರುತ್ತವೆ. ಒಂದು, ಐಯೋಮಿ ತಂತಿಗಳ ಶ್ರುತಿ ಇಳಿಸಿದ್ದರಿಂದ ಈ ಭಾರ ಬಂತೆಂಬುದು. ಅವನು ಹಾಗೆ ಇಳಿಸಿ ಮುದ್ರಿಸತೊಡಗಿದ್ದು 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ. ಮೊದಲ ಆಲ್ಬಂನದು ಮಾಮೂಲಿ ಶ್ರುತಿ. ಇನ್ನೊಂದು, ಕಾರ್ಖಾನೆ ಊರಿನ ಸದ್ದೇ ಸಂಗೀತವಾಯಿತೆಂಬುದು. ಹದಿನೇಳನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಐಯೋಮಿಯ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ತೆಳು ತಂತಿ ಹಾಕಿದ. ಈ ಛಲದ ಮುಂದೆ ನಾನು ತಲೆಬಾಗುತ್ತೇನೆ. ಅವನ ತಂತಿ ಏಕೆ ತೆಳು ಎಂಬುದಕ್ಕೆ ಅದು ಉತ್ತರ. ಎರಡು ಸ್ವರಗಳ ನಡುವೆ ಅವನು ಅಷ್ಟು ಹೊತ್ತು ಏಕೆ ಕಾದ ಎಂಬುದಕ್ಕಲ್ಲ. ಕಾರ್ಖಾನೆಗಳಿದ್ದ ಊರುಗಳು ಇಂಗ್ಲೆಂಡಿನಲ್ಲಿ ಎಷ್ಟೋ ಇದ್ದವು.

ಇಂಥ ವಿವರಣೆ ಕೊಡುವವರಿಗಿಂತ ನನಗೆ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಮೇಲು. 1970ರಲ್ಲಿ ‘ರೋಲಿಂಗ್ ಸ್ಟೋನ್’ನಲ್ಲಿ ಅವನು ಈ ಆಲ್ಬಮ್ಮನ್ನು ಕ್ರೀಮ್ ಬ್ಯಾಂಡಿನ ಕಳಪೆ ನಕಲೆಂಬ ಅರ್ಥದಲ್ಲಿ ಜಾಡಿಸಿದ್ದ. ಪೂರ್ತಿ ತಪ್ಪು ತೀರ್ಪು. ಆದರೆ ಅವನು ತನ್ನ ಕಿವಿಯಿಂದಲೇ ಕೇಳಿ ತಪ್ಪಿದ್ದ, ಆದ್ದರಿಂದಲೇ ಎರಡು ವರ್ಷದಲ್ಲಿ ಇದೇ ಬ್ಯಾಂಡಿನ ಬಗ್ಗೆ ಮನಸ್ಸು ಬದಲಿಸಿ ದೀರ್ಘವಾಗಿ ಬರೆಯುವುದು ಅವನಿಗೆ ಸಾಧ್ಯವಾಯಿತು.

ಆಲ್ಬಮ್ಮಿನಲ್ಲಿ ಕೊರತೆ ಇಲ್ಲವೆಂದಲ್ಲ. 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಒಂದೇ ದಿನಕ್ಕೆ ಮುದ್ರಿಸಿದ್ದು. ಕೊನೆಯ ‘ವಾರ್ನಿಂಗ್’ ಹತ್ತು ನಿಮಿಷ ಮೀರಿ ಎಳೆದಾಡುತ್ತದೆ. ‘ಈವಿಲ್ ವುಮನ್’ ಇನ್ನೊಬ್ಬರ ಹಾಡು, ಇವರ ಕೈಯಲ್ಲೂ ಹಾಗೇ ಉಳಿದಿದೆ. ಆರಂಭದ ಮಳೆ, ಗುಡುಗು, ಚರ್ಚಿನ ಗಂಟೆಗಳು ವಾದನಕ್ಕೆ ಆಮೇಲೆ ಸೇರಿಸಿದವು. ಹೊದಿಕೆಯ ಒಳಪುಟದ ತಲೆಕೆಳಗಾದ ಶಿಲುಬೆ ಕಂಪನಿಯದು, ಬ್ಯಾಂಡಿನವರನ್ನು ಕೇಳಿ ಹಾಕಿದ್ದಲ್ಲ. 1970ರ ಫೆಬ್ರವರಿ 13, ಶುಕ್ರವಾರವನ್ನೇ ಹಿಡಿದು ಬಿಡುಗಡೆ ಮಾಡಿದರು. ಸೈತಾನನ ಕಥೆಗೆ ಬೇಕಾದ ಸಾಮಾನೆಲ್ಲ ಹೀಗೆ ಹೊರಗಿನಿಂದ ಬಂದದ್ದು.

ಬೆಂಗಳೂರಿನವರಿಗೆ ಈ ಸಂಗೀತ ಹೊಸದಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ದೇಶದ ಮೂಲೆಮೂಲೆಯಿಂದ ಜನ ಬಂದಿದ್ದರು. ಸ್ಯಾಬತ್‌ನ ವಿಳಂಬವನ್ನೇ ಹಿಡಿದು ಕಟ್ಟಿದ ಬೇವರ್ ಸೀ ಎಂಬ ಬ್ಯಾಂಡೂ ಇದೇ ಊರಿನದು. ಆದರೂ ಹೊಸಬರಿಗೆ ಕೊಡುವ ಪಟ್ಟಿ ಮೆಟಾಲಿಕಾದಿಂದ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ವೇಗಕ್ಕೆ ಒಗ್ಗಿದ ಕಿವಿಯನ್ನು ವಿಳಂಬಕ್ಕೆ ಕೂರಿಸಿದರೆ ಅದು ಚಡಪಡಿಸದೆ ಏನು ಮಾಡೀತು? ತ್ವರಿತ ಕಾಲದ ತಿಲ್ಲಾನದಿಂದ ಪಾಠ ಶುರುಮಾಡಿ, ಚೌಕ ಕಾಲದ ಕೃತಿಗೆ ಕೊನೆಗೆ ಕರೆತಂದಂತೆ.

ಅಕ್ಕನ ಮಗನನ್ನು ಇನ್ನೊಮ್ಮೆ ಕೂರಿಸಿದೆ. ಅವನೂ ಚಿಕ್ಕವನಿದ್ದಾಗ ಒಂದೆರಡು ವರ್ಷ ಮೃದಂಗದ ಪಾಠಕ್ಕೆ ಹೋದವನು. ಗಿಟಾರು ಬಿಟ್ಟುಬಿಡು, ಸ್ವರ ಹುಡುಕಬೇಡ, ತೊಡೆಯ ಮೇಲೆ ತಾಳ ಹಾಕು, ಡ್ರಮ್ಸ್ ಮಾತ್ರ ಕೇಳು ಎಂದೆ. ಮಳೆ ಬಂತು, ಗಂಟೆ ಬಂತು, ಷಡ್ಜ ಬಿತ್ತು. ಎರಡು ಸುತ್ತು ಅವನ ಕೈ ಸರಿಯಾಗಿ ಬಿತ್ತು. ಮೂರನೆಯದರಲ್ಲಿ ವಾರ್ಡ್ ಉರುಳಿಸಿದ ಟಾಮ್‌ಗಳ ಹಿಂದೆ ಹೋಗಿ ಸ್ವಲ್ಪ ಮೊದಲೇ ಬಿತ್ತು. ಕೈ ಎತ್ತಿ ಹಿಡಿದುಕೊಂಡ. ಓಝಿ ಹಾಡತೊಡಗಿದ ಮೇಲೂ ಆ ಕೈ ಗಾಳಿಯಲ್ಲೇ ಇತ್ತು, ಕಾಯುತ್ತ.