ಕಪಿಲೆ ‘ಅದು’ವೋ, ‘ಅವಳೋ’?

ನಮ್ಮ ಪ್ರೌಢಶಾಲೆಗಳಲ್ಲಿ ವ್ಯಾಕರಣ ಕಲಿಸುವ ಕ್ರಮವನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ. ಸರ್ವನಾಮವೆಂದರೇನೆಂದು ಕೇಳಿದರೆ, ನಾಮಪದದ ಬದಲಿಗೆ ಬರುವ ಪದವೆಂದು ವಿದ್ಯಾರ್ಥಿ ಥಟ್ಟನೆ ಹೇಳುತ್ತಾನೆ. ಪುರುಷಾರ್ಥಕ, ಪ್ರಶ್ನಾರ್ಥಕ, ಆತ್ಮಾರ್ಥಕ ಎಂಬ ವಿಂಗಡಣೆಯೂ ಬಾಯಿಪಾಠವಾಗಿದೆ. ಉಪಮೆಯೊಂದನ್ನು ಕೊಟ್ಟರೆ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮಗಳನ್ನು ಬಿಡಿಸಿ ಬರೆದು, ಸಮನ್ವಯ ಮಾಡಿ, ಅಂಕಗಳನ್ನು ಪಡೆಯುತ್ತಾನೆ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯಿಂದ ಕಾಲೇಜಿಗೆ ಬರುವ ಹುಡುಗ ಹುಡುಗಿಯರಲ್ಲಿ ಈ ಸಿದ್ಧತೆಯನ್ನು ನಾನು ವರ್ಷವರ್ಷವೂ ಕಾಣುತ್ತೇನೆ. ಕಾಣದಿರುವುದು ಒಂದೇ: ಇವೆಲ್ಲ ತಮ್ಮ ಮನೆಯ ಮಾತಿನಲ್ಲಿಯೇ ಇವೆಯೆಂಬ ಅರಿವು.

ಈ ಎರಡು ಊರುಗಳನ್ನೇ ನೋಡಿ. ನಂಜನಗೂಡನ್ನು ಜನ ದಕ್ಷಿಣಕಾಶಿ ಎನ್ನುತ್ತಾರೆ. ಕಾಶಿಯ ಹಾಗೆ ಎನ್ನುವುದಿಲ್ಲ, ಕಾಶಿಯೇ ಎನ್ನುತ್ತಾರೆ, ಇದು ರೂಪಕ. ಕಾವೇರಿ ಕಪಿಲೆಗಳ ಸಂಗಮದಲ್ಲಿರುವ ನರಸೀಪುರದವರು ಅಷ್ಟಕ್ಕೆ ತೃಪ್ತರಲ್ಲ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆಯೆಂದೂ, ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದೂ ಪ್ರತೀತಿ. ಉಪಮಾನಕ್ಕಿಂತ ಉಪಮೇಯವನ್ನು ಮಿಗಿಲೆನ್ನುವ ಈ ಬಗೆಗೆ ವ್ಯತಿರೇಕವೆಂದು ಹೆಸರು. ಹೆಚ್ಚೆಂದರೂ ಎಷ್ಟು? ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗುವಷ್ಟು! ಆ ಹೆಮ್ಮೆಯಲ್ಲಿರುವ ವಿನಯವೇ ಅಲಂಕಾರದ ಸೊಗಸು. ಇನ್ನು ‘ನಂಜುಂಡ’ ಎಂಬ ಹೆಸರು. ಬಿಡಿಸಿದರೆ, ನಂಜನ್ನು ಉಂಡವನು ಯಾವನೋ ಅವನು. ‘ಯಾವನು’, ‘ಅವನು’ ಎಂಬೆರಡು ಸರ್ವನಾಮಗಳಿಲ್ಲದೆ ಈ ಬಹುವ್ರೀಹಿಯ ಅರ್ಥವೇ ತೆರೆಯದು. ಊರಿನ ಹೆಸರಿನಲ್ಲಿಯೇ ಇಷ್ಟು ಪಾಠವಿರುವಾಗ ಕಮಲದಂಥ ಮುಖವನ್ನೇ ಏಕೆ ಹುಡುಕಿಕೊಂಡು ಹೋಗಬೇಕು?

ಪಠ್ಯಕ್ರಮದ ದೊಡ್ಡ ಕೊರತೆ ಬೇರೊಂದಿದೆ. ಸರ್ವನಾಮ ಒಂದು ಪಾಠ, ಅಲಂಕಾರ ಇನ್ನೊಂದು ಪಾಠ, ನಡುವೆ ಗೋಡೆ. ನಿಜವಾಗಿ ಇವೆರಡೂ ಒಂದೇ ನೋಟದ ಎರಡು ಗುರುತುಗಳು. ಕನ್ನಡದಲ್ಲಿ ಲಿಂಗವು ಸಂಸ್ಕೃತದಂತೆ ಶಬ್ದಕ್ಕೆ ಕಟ್ಟುಬಿದ್ದುದಲ್ಲ, ಅರ್ಥವನ್ನು ಅನುಸರಿಸುವಂಥದು. “ಹೊಳೆ ತುಂಬಿದೆ, ಅದನ್ನು ದಾಟಬೇಡ” ಎನ್ನುವ ಅಜ್ಜಿಯೇ ಬಾಗಿನ ಬಿಡುವಾಗ “ತಾಯಿ ಕಪಿಲೆ, ಅವಳೇ ಕಾಯಬೇಕು” ಎನ್ನುತ್ತಾಳೆ. ನೀರು ಒಂದೇ, ನೋಟ ಬದಲಾಯಿತು, ನಪುಂಸಕ ಸ್ತ್ರೀಲಿಂಗವಾಯಿತು. ಅಲಂಕಾರವು ಹುಟ್ಟಿದ ಕಡೆ ಸರ್ವನಾಮವೂ ಮಗ್ಗುಲು ಬದಲಿಸುತ್ತದೆ.

ಇದೇ ಪಾಠದ ಕಹಿಯಾದ ಭಾಗವೂ ಇದೆ. ನರಸೀಪುರದ ಕಡೆಯ ಭತ್ತದ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ “ಎಷ್ಟು ಆಳು ಬಂದವೆ?” ಎಂಬ ಮಾತು ಕೇಳಿಬರುತ್ತದೆ. ಹೊಳೆಯನ್ನು ‘ಅವಳು’ ಎಂದು ಮೇಲಕ್ಕೆತ್ತಿದ ಭಾಷೆಯೇ ಬೆನ್ನು ಬಗ್ಗಿಸಿ ದುಡಿಯುವ ಹೆಂಗಸರನ್ನು ‘ಅವು’ಗಳ ಲೆಕ್ಕಕ್ಕೆ ಇಳಿಸುತ್ತದೆ. ಬೀದಿ ಗುಡಿಸುವ ಹಿರಿಯರು ‘ಅವನು’, ಕಚೇರಿಯ ಕಿರಿಯ ಗುಮಾಸ್ತರು ‘ಅವರು’. ‘ನಾಮಪದದ ಬದಲಿಗೆ’ ಎಂಬ ಲಕ್ಷಣ ತಪ್ಪಲ್ಲ. ಆದರೆ ಬದಲಿಗೆ ಬಂದ ಪದ ಯಾರ ಮರ್ಯಾದೆಯನ್ನು ಉಳಿಸಿತು, ಯಾರದನ್ನು ಕಳೆಯಿತು ಎಂಬುದನ್ನು ಅದು ಕೇಳುವುದಿಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನ ಮಕ್ಕಳು ಇದನ್ನು ಅರಿಯಲಾರರೆ? ಆ ಆಳುಗಳ ಮಕ್ಕಳೂ ಅದೇ ತರಗತಿಯಲ್ಲಿ ಕುಳಿತಿರುತ್ತಾರಲ್ಲವೆ?

ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರು ‘ಕುಸುಮಬಾಲೆ’ಯನ್ನು (1984) ಈ ಸೀಮೆಯ ಆಡುಮಾತಿನಲ್ಲಿಯೇ ಬರೆದರು, 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಲ್ಲಿ ದೀಪದ ಜ್ಯೋತಿಗಳು ಜೋತಮ್ಮಗಳಾಗಿ ಇರುಳಿನಲ್ಲಿ ಕೂಡಿ ಮಾತನಾಡುತ್ತವೆ. ‘ಮಾತನಾಡುತ್ತವೆ’ ಎಂದೆ, ‘ಮಾತನಾಡುತ್ತಾರೆ’ ಎನ್ನಬೇಕಿತ್ತೋ? ಅಲಂಕಾರಕ್ಕೆ ಹೆಸರು ಹುಡುಕುವ ಮೊದಲು ತರಗತಿಯಲ್ಲಿ ಈ ಪ್ರಶ್ನೆಯನ್ನು ಇಟ್ಟರೆ, ಸರ್ವನಾಮವೂ ಅಲಂಕಾರವೂ ಒಂದೇ ಗಂಟೆಯಲ್ಲಿ ಮನಸ್ಸಿಗಿಳಿಯುತ್ತವೆ.

ಹಾಗಾದರೆ ಲಕ್ಷಣಗಳೇ ಬೇಡವೆ ಎಂದು ಹಿರಿಯ ಪಂಡಿತರು ಹುಬ್ಬೇರಿಸಬಹುದು. ಬೇಕು, ಖಂಡಿತ ಬೇಕು. ಹೆಸರು ತಿಳಿಯದೆ ವಿಚಾರ ನಿಲ್ಲುವುದಿಲ್ಲ. ಆದರೆ ಹದಿಮೂರನೆಯ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿ ಕೈತೊಳೆದುಕೊಳ್ಳಲಿಲ್ಲ, ಕವಿಗಳ ಪ್ರಯೋಗಗಳನ್ನು ತಂದು ಸೂತ್ರಕ್ಕೆ ಆಧಾರ ಕೊಟ್ಟ. ಅಲಂಕಾರಗಳನ್ನು ವಿವರಿಸಿದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವಂತೂ ಶಾಸ್ತ್ರ ಓದದ ನಾಡವರಲ್ಲಿಯೂ ಕಾವ್ಯದ ಜಾಣ್ಮೆಯುಂಟೆಂದು ಮೆಚ್ಚಿತು. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ನಾವು ಪೂರ್ವಿಕರ ಸೂತ್ರವನ್ನು ಉಳಿಸಿಕೊಂಡು ಅವರ ಕ್ರಮವನ್ನು ಕೈಬಿಟ್ಟಿದ್ದೇವೆ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಸೇರಿದರೂ ಸಾಕು: ‘ಇಲ್ಲಿ ಈ ಸರ್ವನಾಮವೇ ಏಕೆ ಬಂದಿತು?’ ಉತ್ತರಕ್ಕಾಗಿ ಮಕ್ಕಳು ಮಾರ್ಗದರ್ಶಿಯ ಪುಟ ತಿರುವಲಾರರು. ತಮ್ಮ ಬೀದಿಯ ಮಾತನ್ನು ಕಿವಿಗೊಟ್ಟು ಕೇಳಬೇಕಾಗುತ್ತದೆ. ವ್ಯಾಕರಣದಿಂದ ಆಗಬೇಕಾದ ಕೆಲಸವೂ ಅದೇ.