ಸೂರ್ಯಕಾಂತಿಯ ಲೆಕ್ಕ, ಚಿಪ್ಪಿನ ಕಥೆ

ಪ್ರಕೃತಿಯ ‘ಪವಿತ್ರ ಜ್ಯಾಮಿತಿ’ಯನ್ನು ಕೊಂಡಾಡುವ ಬರಹಗಳಲ್ಲಿ ನಾಟಿಲಸ್ ಚಿಪ್ಪಿನ ಚಿತ್ರ ತಪ್ಪುವುದಿಲ್ಲ. ಅದು 1.618ರ ಸುವರ್ಣ ಅನುಪಾತದ ಸುರುಳಿ, ಸೃಷ್ಟಿಕರ್ತನ ಸಹಿ ಎಂದೆಲ್ಲ ಬರೆಯುತ್ತಾರೆ. ಆದರೆ ಸುವರ್ಣ ಸುರುಳಿ ಒಂದು ಸುತ್ತಿಗೆ 6.85 ಪಟ್ಟು ಹಿಗ್ಗುತ್ತದೆ. ನಾಟಿಲಸ್ ಹಿಗ್ಗುವುದು ಸುಮಾರು ಮೂರು ಪಟ್ಟು. ಸೃಷ್ಟಿಯ ಮುಂದೆ ಬೆರಗಾಗುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. ಆದರೆ ವಿಶ್ವಾಸದ ಪರವಾಗಿ ಸುಳ್ಳು ಸಾಕ್ಷಿಯನ್ನು ಕಟಕಟೆಗೆ ತರುವುದೇಕೆ?

ಸೂರ್ಯಕಾಂತಿಯದು ನಿಜವಾದ ಲೆಕ್ಕ. ತೆನೆಯಲ್ಲಿ ಎಡಕ್ಕೂ ಬಲಕ್ಕೂ ತಿರುಗುವ ಸುರುಳಿಗಳನ್ನು ಎಣಿಸಿದರೆ ಹೆಚ್ಚಾಗಿ 34, 55, 89ರಂಥ ಫಿಬೊನಾಚಿ ಸಂಖ್ಯೆಗಳೇ ಸಿಗುತ್ತವೆ. ಪ್ರತಿ ಹೊಸ ಮೊಗ್ಗು ಹಿಂದಿನದರಿಂದ ಸುಮಾರು 137.5 ಡಿಗ್ರಿ ಸರಿದು ಮೂಡುತ್ತದೆ. 1992ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳಾದ ಡುವಾಡಿ ಮತ್ತು ಕೂಡೆರ್ ಕಾಂತೀಯ ದ್ರವದ ಹನಿಗಳನ್ನು ಒಂದನ್ನೊಂದು ದೂಡುವಂತೆ ಬಿಟ್ಟಾಗಲೂ ಇದೇ ವಿನ್ಯಾಸ ಮೂಡಿತು. ಜಾಗಕ್ಕಾಗಿ ನಡೆದ ಈ ನೂಕಾಟದ ವಿವರ ‘ಪವಿತ್ರ’ ಬರಹಗಳಲ್ಲಿ ನಮಗೆ ಕಾಣಸಿಗುವುದೇ ಅಪರೂಪ. ಈ ಲೆಕ್ಕಕ್ಕೆ ಒಗ್ಗದ ಹೂಗಳೂ ಇವೆ. ಅವುಗಳ ಚಿತ್ರವನ್ನಂತೂ ಯಾರೂ ಅಚ್ಚು ಹಾಕುವುದಿಲ್ಲ.

ಇನ್ನೊಂದು ಮಾತು. ಈ ಸಂಖ್ಯೆಗಳು ಫಿಬೊನಾಚಿಯ 1202ರ ಪುಸ್ತಕಕ್ಕಿಂತ ಮೊದಲೇ ಹೇಮಚಂದ್ರನಿಗೆ ಗೊತ್ತಿದ್ದವು. ಅವನು ಎಣಿಸಿದ್ದು ಹೂವನ್ನಲ್ಲ, ಛಂದಸ್ಸನ್ನು: ಲಘು ಗುರುಗಳಿಂದ ಐದು ಮಾತ್ರೆ ತುಂಬಲು 8 ದಾರಿ, ಆರಕ್ಕೆ 13.